ವಿಡಿಯೋದಲ್ಲಿ ಹೆಣ್ಣು ನೋಡಿದ ಶುಕ್ರವಾರ

ನಮ್ಮ ನಾದಿನಿಯನ್ನು ನೋಡಲು ಗಂಡಿನವರು ಮನೆಗೆ ಬರುವವರಿರಲಿಲ್ಲ, ವಿಡಿಯೋ ಕರೆ ಮಾಡುವವರಿದ್ದರು. ಹುಡುಗ ಮಸ್ಕತ್ತಿನಲ್ಲಿ, ಅವನ ತಂದೆತಾಯಿ ಸೊಲ್ಲಾಪುರದಲ್ಲಿ, ನಾವು ಪುಣೆಯಲ್ಲಿ. ಅವನಿಗೆ ರಜೆ ಇರುವ ಶುಕ್ರವಾರ ಬೆಳಿಗ್ಗೆ ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಕೂಡುವುದೆಂದು ಮಾತಾಗಿತ್ತು. ಜೇಜುರಿ ಗುಡಿಯ ಮೆಟ್ಟಿಲ ಮೇಲೆ ಅತ್ತೆಗೆ ಪರಿಚಯವಾದ ಮನೆತನ ಅದು. ನಾದಿನಿಗೆ ಮೂವತ್ತೈದು ದಾಟಿತ್ತು. ಅಷ್ಟರೊಳಗೆ ಅವಳನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಹೋದವರನ್ನು ಅತ್ತೆ ಮರೆತಿರಲಿಲ್ಲ, ಅವಳಿಗೆ ಮರೆಯಗೊಡುತ್ತಲೂ ಇರಲಿಲ್ಲ.

"ಈ ಸಲ ಉಪ್ಪಿಟ್ಟಾದ್ರೂ ಉಳೀತದ ಬಿಡ್ರಿ, ವೈನಿ," ಎಂದು ನನ್ನೆದುರು ಅವಳೇ ನಕ್ಕಿದ್ದಳು.

ಗುರುವಾರ ಮಧ್ಯಾಹ್ನ ರೌಟರಿನ ದೀಪ ಕೆಂಪಾಯಿತು.

ನಮ್ಮದು ನೆಲಮಹಡಿಯ ಹಿಂಬದಿಯ ಫ್ಲ್ಯಾಟು. ಮೊಬೈಲಿಗೆ ಅಷ್ಟಿಷ್ಟು ಸಿಗ್ನಲ್ ಸಿಗುವುದು ಬಟ್ಟೆ ಒಣಹಾಕುವ ಗ್ಯಾಲರಿಯಲ್ಲಿ ಮಾತ್ರ. ಅಲ್ಲಿ ನಿಂತು ಇಂಟರ್ನೆಟ್ ಕಂಪನಿಗೆ ಫೋನು ಮಾಡಿದೆ. ಕಾಯಿಸುವ ಸಂಗೀತ ಮುಗಿದು ಮತ್ತೆ ಮೊದಲಾಗುತ್ತಿತ್ತು. ಕೊನೆಗೆ ಒಬ್ಬ ಹುಡುಗನ ದನಿ ಬಂತು, ಶೀತ ಹಿಡಿದು ಮೂಗು ಕಟ್ಟಿದ ದನಿ. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಎದುರಿನವರ ಮಾತು ತುಂಡರಿಸಬಾರದು, ದನಿ ಏರಿಸಬಾರದು, ಧನ್ಯವಾದ ಹೇಳದೆ ಫೋನು ಇಡಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮ್ಮನ್ನು ಬೆಳೆಸಿದ್ದರು. ಅವನು ರೌಟರ್ ಆರಿಸಿ ಹಚ್ಚಲು ಹೇಳಿದ, ಫೋನನ್ನು ಗ್ಯಾಲರಿಯಲ್ಲೇ ಇಟ್ಟು ಒಳಗೆ ಹೋಗಿ ಹಾಗೇ ಮಾಡಿದೆ. ವೈರು ಕಿತ್ತು ಮತ್ತೆ ಸಿಕ್ಕಿಸಲು ಹೇಳಿದ, ಅದನ್ನೂ ಮಾಡಿದೆ. ದೀಪ ಕೆಂಪಗೇ ಇತ್ತು. ಮೇಲಿನವರಿಗೆ ತಿಳಿಸುತ್ತೇನೆ ಎಂದ. ಆಮೇಲೆ, ನನ್ನ ಸೇವೆ ತೃಪ್ತಿ ತಂದಿತೇ ಮ್ಯಾಮ್ ಎಂದು ಕೇಳಿದ. ಬೆಳಗಿನಿಂದ ಯಾರ್ಯಾರ ಬೈಗುಳ ತಿಂದಿದ್ದನೋ ಅನ್ನಿಸಿತು.

"ಎಸ್, ಥ್ಯಾಂಕ್ಯೂ. ಯು ಹ್ಯಾವ್ ಬೀನ್ ವೆರಿ ಕೈಂಡ್," ಎಂದೆ.

ಫೋನು ಇಟ್ಟ ಮರುಗಳಿಗೆ ಮೆಸೇಜು ಬಂತು: ನಿಮ್ಮ ದೂರು ಬಗೆಹರಿದಿದೆ.

ಮತ್ತೆ ಮಾಡಿದೆ. ಈ ಸಲ ಒಬ್ಬ ಹುಡುಗಿ. ತೃಪ್ತಿಯಾಗಿದೆ ಎಂದು ನೀವೇ ಹೇಳಿದ್ದು ರೆಕಾರ್ಡ್ ಆಗಿದೆ ಮ್ಯಾಮ್, ಮುಗಿದ ದೂರನ್ನು ತೆರೆಯಲು ಬರುವುದಿಲ್ಲ, ಹೊಸದು ಕೊಟ್ಟರೆ ಎರಡು ದಿನ ಎಂದಳು. ನಾಳೆಯೇ ನಮ್ಮ ಮನೆಯಲ್ಲಿ ಹೆಣ್ಣು ನೋಡುವುದಿದೆ ಎಂದು ಅಂಗಲಾಚಿದೆ. "ಕಂಗ್ರಾಚುಲೇಷನ್ಸ್ ಮ್ಯಾಮ್," ಎಂದು ಜೇನಿನಂಥ ದನಿಯಲ್ಲಿ ಹೇಳಿ ಕಾಲ್ ಮುಗಿಸಿದಳು.

ಒಣಗಿದ ಚಾದರದ ಆಚೆ ನಿಂತು ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

"ಬೈದು ಕೆಲಸಾ ಮಾಡಿಸ್ಕೋಬೇಕಾದಲ್ಲಿ ಥ್ಯಾಂಕ್ಯೂ ಅಂತಾಳ! ನಿಮ್ಮ ಸಿಸ್ಟರಗೋಳಿಗೆ ಮದಿವಿ ಇಲ್ಲ, ಮನಿ ಇಲ್ಲ. ಅವರು ಕಲಿಸಿದ್ದು ನನ್ನ ಮಗಳ ತಲಿಗೆ ಬಂತು ನೋಡು."

ಮೇಲಿನ ಮನೆಯಾಕೆಯ ವೈಫೈ ಕೇಳಲು ಹೋದೆ. ಅವರು ಬಾಗಿಲನ್ನು ಅರ್ಧವೇ ತೆರೆದು, ನಮ್ಮದೂ ಬಂದ್ ಆಗಿದೆ ಎಂದು ಮರಾಠಿಯಲ್ಲಿ ಹೇಳಿದರು. ಹಿಂದೆ ದೊಡ್ಡ ಟಿವಿಯಲ್ಲಿ ಯೂಟ್ಯೂಬಿನ ಅಡಿಗೆಯವಳು ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಅವರಿಗೂ ಥ್ಯಾಂಕ್ಯೂ ಹೇಳಿಯೇ ಇಳಿದುಬಂದೆ.

ದಿನ ಮುಂದೆ ಹಾಕಬಹುದೇ ಎಂದು ಅತ್ತೆ ಸೊಲ್ಲಾಪುರಕ್ಕೆ ಕೇಳಿದರು. "ಹೆಂಗಾಗ್ತದರಿ? ಹುಡುಗಗ ಅದೊಂದs ದಿನ ಸೂಟಿ. ಇನ್ನೂ ಮೂರು ಕಡೆ ನೋಡೂದದ," ಎಂದರಂತೆ ಹುಡುಗನ ತಾಯಿ.

ಶುಕ್ರವಾರವೂ ದೀಪ ಕೆಂಪಗಿತ್ತು. ನನ್ನ ಗಂಡ ಆಫೀಸಿಗೆ ಹೊರಟುಹೋದರು. ಮೊಬೈಲಿನಲ್ಲೇ ಕರೆ ಮಾಡಲೆಂದು ನಾವು ಗ್ಯಾಲರಿಯ ಬಟ್ಟೆ ತೆಗೆದು, ಹಗ್ಗಕ್ಕೆ ಹೂವಿನ ಚಾದರವೊಂದನ್ನು ಹಿಂಬದಿಯ ಪರದೆಯಾಗಿ ಇಳಿಬಿಟ್ಟೆವು. ನಾದಿನಿ ಇಳಕಲ್ಲ ಸೀರೆ ಉಟ್ಟು ನಿಂತಳು. ಮೊಣಕೈ ಹತ್ತಿರ ಸೊಳ್ಳೆ ಕಚ್ಚಿದ ಗುರುತನ್ನು ಸೆರಗಿನಿಂದ ಮುಚ್ಚಿಕೊಂಡಳು. ಹುಡುಗಿ ಕೈಯಲ್ಲಿ ಚಹಾದ ತಾಟು ಇಲ್ಲದೆ ಎದುರಿಗೆ ಬರುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅತ್ತೆ ಹಟ ಹಿಡಿದದ್ದರಿಂದ, ಯಾರೂ ಕುಡಿಯದ ನಾಲ್ಕು ಕಪ್ ಚಹಾ ಹಿಡಿದುಕೊಂಡೇ ಬಂದಳು. ಫೋನು ನನ್ನ ಕೈಯಲ್ಲಿತ್ತು.

"ಸ್ವಲ್ಪ ನಗವಾ," ಎಂದರು ಹುಡುಗನ ತಾಯಿ.

ಅವಳು ನಕ್ಕಳು. ಅಲ್ಲಿಗೆ ಫೋನಿನ ಚಿತ್ರ ಅಲುಗದೆ ನಿಂತಿತು. ಅವರ ದನಿ ಮಾತ್ರ ಬರುತ್ತಿತ್ತು. ನಮಗೆ ಕೇಳಿಸುತ್ತಿಲ್ಲ ಎಂದುಕೊಂಡರೋ ಏನೋ.

"ಹಿಂಗ್ಯಾಕ ನೋಡ್ಲಿಕತ್ತಾಳ ಇಕಿ?"

"ಕಣ್ಣ ನೋಡ್ರಿ, ಎಡಗಣ್ಣ."

ಒಬ್ಬರು ಕಿಸಕ್ಕನೆ ನಕ್ಕರು. ಅದು ಗಂಡಸಿನ ನಗು. ನಾದಿನಿ ತಾಟು ಹಿಡಿದು ನಿಂತೇ ಇದ್ದಳು. ತಾನು ಅವರಿಗೆ ಕಾಣುತ್ತಿದ್ದೇನೋ ಇಲ್ಲವೋ ತಿಳಿಯದೆ, ಕೇಳಿಸಿದ ಮೇಲೂ ಮುಖದ ನಗುವನ್ನು ಇಳಿಸಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಕರೆ ತಾನಾಗಿ ಕಡಿದುಹೋಯಿತು.

ಮಧ್ಯಾಹ್ನ ಅತ್ತೆಯ ಫೋನಿಗೆ ಒಂದು ಫೋಟೋ ಬಂತು. ನಿಂತುಹೋದ ಆ ಚಿತ್ರವನ್ನೇ ಸೊಲ್ಲಾಪುರದವರು ಹಿಡಿದಿಟ್ಟುಕೊಂಡಿದ್ದರು. ಬಾಯಿ ಅರ್ಧ ತೆರೆದಿತ್ತು, ಎಡಗಣ್ಣಿನ ರೆಪ್ಪೆ ಇಳಿದು ಬಿಳಿಯಷ್ಟೇ ಕಾಣುತ್ತಿತ್ತು. ಕೆಳಗೆ ಒಂದು ಸಾಲು: ದೋಷ ಇದ್ದದ್ದನ್ನು ಮೊದಲೇ ಹೇಳಬೇಕಿತ್ತು.

"ಅತ್ತಿ, ಕಣ್ಣ ಮಿಟುಕಿಸೂ ಹೊತ್ತಿಗೆ ಚಿತ್ರ ನಿಂತದರಿ. ಯಾರದಾದ್ರೂ ಹಂಗs ಕಾಣ್ತದ," ಎಂದೆ.

ಅತ್ತೆ ಫೋನು ಹಿಡಿದುಕೊಂಡೇ ಎದ್ದರು. ಮಗಳನ್ನು ಕರೆದರು. ಅವಳು ಸೀರೆ ಬದಲಿಸಿ ಹಳೆಯ ಗೌನು ಹಾಕಿಕೊಂಡಿದ್ದಳು, ಜಡೆಯ ಮಲ್ಲಿಗೆಯನ್ನು ಮಾತ್ರ ತೆಗೆದಿರಲಿಲ್ಲ. ಅತ್ತೆ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗದ್ದ ಹಿಡಿದು ಮುಖವೆತ್ತಿದರು. ಒಮ್ಮೆ ಫೋನು ನೋಡಿದರು, ಒಮ್ಮೆ ಮಗಳನ್ನು. ಬಾಳೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುವಂತೆ ಮುಖವನ್ನು ಅತ್ತ ಇತ್ತ ತಿರುಗಿಸಿದರು.

"ಖರೇನ, ಎಡಗಣ್ಣ ಸ್ವಲ್ಪ ಸಣ್ಣದದ ಏನು? ನೀ ಹೇಳು, ನಿನಗ ಸಣ್ಣಸಣ್ಣವೂ ಕಾಣ್ತಾವಲ್ಲ," ಎಂದು ನನ್ನನ್ನು ಕರೆದರು.

ಕರೆದರೆ ಹೋಗದಿರುವುದು ನನಗೆ ಗೊತ್ತಿಲ್ಲ. ಹೋದೆ. ಇಷ್ಟು ವರ್ಷ ದಿನವೂ ಕಂಡ ಮುಖವನ್ನು ಬಗ್ಗಿ, ನಾನೂ ಅಳೆಯುವಂತೆ ನೋಡಿದೆ.

ನಾದಿನಿ ನಮ್ಮಿಬ್ಬರ ನಡುವೆ ಅಲುಗದೆ ನಿಂತಿದ್ದಳು. ಆಮೇಲೆ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

"ಈಗ ನೋಡ್ರಿ," ಎಂದಳು. "ಎರಡೂ ಸಮ ಆದ್ವೋ ಇಲ್ಲೋ?"