ನರ್ಸಬಾಯಾರ ಮಣ್ಣಿನ ಖೋಲಿ

ಯಾರ ಮನೆಗೆ ಹೋದರೂ ಕಮಲಾಬಾಯಾರು ಕೂಡುವ ಮೊದಲು ನಡುಮನೆಯಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಿ, ತಲೆಯನ್ನು ಒಂದಿಷ್ಟು ವಾರೆ ಮಾಡಿ, ಆ ಸದ್ದು ಗೋಡೆಗೆ ಬಡಿದು ಹೇಗೆ ಹಿಂದಿರುಗುತ್ತದೆ ಎಂದು ಆಲಿಸುತ್ತಿದ್ದರು. ಮದುವೆ ಮನೆ, ಬಸುರಿಯ ಕುಬಸದ ಮನೆ ಎಂಬ ಭೇದವಿರಲಿಲ್ಲ. ಒಮ್ಮೆ ನಮ್ಮ ಓಣಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋದಲ್ಲಿಯೂ ತಟ್ಟಿಬಿಟ್ಟರು. ಅಳುತ್ತಿದ್ದ ಹೆಂಗಸರೆಲ್ಲ ಗಪ್ಪಾದರು.

"ಏನ ಮಾಡಲೆವ್ವಾ, ಕೈ ನನ್ನ ಮಾತ ಕೇಳಂಗಿಲ್ಲ," ಎಂದು ಆ ಮನೆಯ ಸೊಸೆಯ ಬೆನ್ನು ಸವರಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. "ಆದ್ರ ಖೋಲಿ ಭಾಳ ಚಲೋ ಐತಿ ನೋಡು. ಅತ್ತರೂ ಹದಾ ಕೇಳಸ್ತೈತಿ," ಎಂದೂ ಸೇರಿಸಿದರು.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಎದುರು ಮನೆಯವರು. ಬಾದಾಮಿ, ಹುನಗುಂದ ಅಂತ ಸುತ್ತಿ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಊರಿಗೆಲ್ಲ ನರ್ಸಬಾಯಾರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎಂದಷ್ಟೇ ಉತ್ತರ. ತಮ್ಮ ಶೇಖರಪ್ಪನ ಸಂಸಾರದ ಜೊತೆ ಇದ್ದರು. ಆದರೆ ಆ ಮನೆಯಲ್ಲಿ ಯಾರು ಯಾರ ಜೊತೆ ಇದ್ದರು ಎಂಬುದು ಓಣಿಗೆಲ್ಲ ಗೊತ್ತಿತ್ತು. ಕಾಯಿಪಲ್ಲೆ ಮಾರುವವನು ಕೂಗಿದರೆ ಬಾಗಿಲಿಗೆ ಬಂದು, "ಸಾವಕಾಶ ಒದರಪಾ, ಬದನಿಕಾಯಿಗೇನು ಕಿವುಡೈತೇನು?" ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಬೈಗುಳದಿಂದಲೇ. ನಾನು ಇಳಕಲ್ಲಿನ ನೇಕಾರರ ಓಣಿಯವನು. ಪಾವರ್‌ಲೂಮುಗಳ ಗದ್ದಲದಲ್ಲೇ ಬೆಳೆದವನಾದ್ದರಿಂದ, ಸದ್ದು ಎಂದರೆ ಜೋರಾಗಿರಬೇಕು ಎಂಬುದೇ ನನ್ನ ಸಂಗೀತಜ್ಞಾನ. ನವನಗರಕ್ಕೆ ಬಂದ ಹೊಸತರಲ್ಲಿ ಹುಬ್ಬಳ್ಳಿಯಿಂದ ಎದೆಯುದ್ದದ ಎರಡು ಸ್ಪೀಕರುಗಳನ್ನು ತಂದೆ. ಕೈ ಬಿಗಿಯಾಗಿ, ಆಂಪ್ಲಿಫಾಯರು ಮಾತ್ರ ಅಂಗೈಯಗಲದ್ದು ಸಿಕ್ಕಿತು. ರವಿವಾರ ಮುಂಜಾನೆ ಅದರ ಕಿವಿ ಪೂರ್ತಿ ತಿರುವಿ ಕೂತಿದ್ದೆ. ನರ್ಸಬಾಯಾರು ರಸ್ತೆ ದಾಟಿ ಸೀದಾ ಒಳಗೆ ಬಂದರು. ಚಪ್ಪಾಳೆ ತಟ್ಟಿದರು. ಅವರ ಮುಖ ಹುಳಿ ತಿಂದಂತಾಯಿತು.

"ತಮ್ಮಾ, ಇವನ್ನ ಕೊಟ್ಟ ಅಂಗಡಿಯವ ನಿನ್ನ ಖೋಲಿ ನೋಡ್ಯಾನೇನು?"

"ಇಲ್ರೀ ಅಕ್ಕಾರ."

"ಹಂಗಂದ್ರ ಮನಿ ನೋಡಲಾರದ ಹೆಣ್ಣು ಕೊಟ್ಟಾನ. ಸ್ಪೀಕರು ಅಂದ್ರ ವರ, ಆಂಪ್ಲಿಫಾಯರು ಅಂದ್ರ ಕನ್ಯಾ, ಖೋಲಿ ಅಂದ್ರ ಅತ್ತಿಮನಿ. ಗಂಡ ಹೆಂಡತಿ ಎಷ್ಟ ಚಲೋ ಇದ್ರೂ ಅತ್ತಿಮನಿ ಸರಿ ಇಲ್ಲಂದ್ರ ಸಂಸಾರ ನಡಿಯಂಗಿಲ್ಲ. ಇಲ್ಲಿ ನೋಡಿದ್ರ ಜೋಡಿನೂ ಸರಿ ಇಲ್ಲ! ಇಷ್ಟು ಸಣ್ಣ ಆಂಪ್ಲಿಫಾಯರು ಅಷ್ಟು ದೊಡ್ಡ ಸ್ಪೀಕರು ಹೆಂಗ ಎಳದೀತು? ದನಿ ಇಳಸು, ಇಲ್ಲಾಂದ್ರ ಸುಡತೈತಿ."

ಸಣ್ಣ ಆಂಪ್ಲಿಫಾಯರು ದೊಡ್ಡ ಸ್ಪೀಕರನ್ನು ಸುಡುತ್ತದೆಯೇ ಎಂದು ಮನಸ್ಸಿನಲ್ಲೇ ನಕ್ಕೆ. ಮುಂದಿನ ವಾರ ಮಗಳ ಹುಟ್ಟಿದಹಬ್ಬಕ್ಕೆ ಮತ್ತೆ ಪೂರ್ತಿ ತಿರುವಿದಾಗ, ಬಲಗಡೆಯ ಸ್ಪೀಕರಿನಲ್ಲಿ ಸಣ್ಣ ದನಿ ಹೊರಡಿಸುವ ಭಾಗ ಸುಟ್ಟು ಹೋಯಿತು. "ತಾಕತ್ತ ಇದ್ದವ ಸುಮ್ನ ಕೆಲಸಾ ಮಾಡತಾನ. ತಾಕತ್ತ ಇಲ್ಲದವ ಒದರತಾನ. ಆ ಒದರಾಟಕ್ಕ ಸುಟ್ಟೈತಿ," ಎಂದು ಆಕೆ ವಿವರಿಸಿದಾಗ ನನ್ನ ಹೆಂಡತಿ ನನ್ನತ್ತ ನೋಡಿ ನಕ್ಕ ರೀತಿ ನನಗೇನೂ ಹಿಡಿಸಲಿಲ್ಲ.

ಹಾಗಂತ ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದಲ್ಲ. ನಮ್ಮ ಖೋಲಿಯ ಮಾರ್ದನಿ ಹೋಗಲೆಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ನಾಲ್ಕೂ ಗೋಡೆಗೆ ತೂಗುಹಾಕಿಸಿದರು. ಬಂದವರೆಲ್ಲ "ಯಾವ ಕೂಸು ಹಾಸಿಗ್ಯಾಗ ಉಚ್ಚಿ ಹೊಯ್ದೈತ್ರಿ?" ಎಂದು ಕೇಳತೊಡಗಿದರು. ಅದೂ ಹೋಗಲಿ, ಹಾಡು ಹಚ್ಚಿದರೆ ಹಾಡುಗಾರನೇ ಕೌದಿ ಹೊದ್ದು ಮಲಗಿದಂತೆ ಕೇಳಿಸಿತು. ನರ್ಸಬಾಯಾರು ಬಂದು ಕೇಳಿ ತಪ್ಪು ಒಪ್ಪಿಕೊಂಡರೆ? "ನಿನ್ನ ಹೆಂಡತಿ ಕೌದಿ ಭಾಳ ದಪ್ಪ ಹೊಲದಾಳ," ಎಂದು ಹೇಳಿ ಎದ್ದುಹೋದರು.

ಆದರೆ ಈ ಎಲ್ಲ ಜಬರದಸ್ತಿಯ ಹಿಂದೆ ಒಂದು ಸಂಕಟವಿತ್ತು. ಹಳೆಯ ಬಾಗಲಕೋಟೆಯಲ್ಲಿ ಅವರದು ಮಣ್ಣಿನ ಗೋಡೆಯ, ಕಟ್ಟಿಗೆಯ ಜಂತಿಯ ಮಾಳಿಗೆ ಮನೆ. ಪಡಸಾಲೆಯ ಒಂದು ಬದಿಗೆ ಜೋಳದ ಚೀಲಗಳು, ಇನ್ನೊಂದು ಬದಿಗೆ ಅವರ ಸ್ಪೀಕರುಗಳು. ದಿನವಿಡೀ ವಾರ್ಡಿನಲ್ಲಿ ನರಳಾಟ ಕೇಳಿ ಬಂದವರು ಅಲ್ಲಿ ಕೂತು ಒಂದು ಹಿಂದುಸ್ತಾನಿ ರೆಕಾರ್ಡು ಹಚ್ಚುತ್ತಿದ್ದರು. ಅಣೆಕಟ್ಟೆಯ ಹಿನ್ನೀರು ಬಂದು ಆ ಮನೆ ಹೋಯಿತು. ನವನಗರದ ಸಿಮೆಂಟಿನ ಮನೆಯಲ್ಲಿ ಅದೇ ರೆಕಾರ್ಡು, ಅದೇ ಸ್ಪೀಕರು, ಅದೇ ಆಂಪ್ಲಿಫಾಯರು ಇಟ್ಟರೆ ತಂಬೂರಿ ಎಲ್ಲೋ, ಹಾಡು ಎಲ್ಲೋ.

"ಹಾಡವರು ಉಸರ ತೊಗೊಳೂದು ಕೇಳಬೇಕು ತಮ್ಮಾ. ನಾ ಜೀವಮಾನ ಎಲ್ಲಾ ಮಂದಿ ಉಸರನ ನೋಡಕೋತ ಬಂದಾಕಿ. ಇಲ್ಲೆ ಅದು ಕೇಳಸವಲ್ದು," ಎಂದರು ಒಮ್ಮೆ. ಹೊಸ ಸೆಟ್ಟು ಕೊಳ್ಳಿರಿ ಎಂದೆ. ನನ್ನನ್ನು ಸುಡುವಂತೆ ನೋಡಿದರು. "ಊರು ಮುಳುಗಿತು, ಅದಕ್ಕ ನಾ ಏನೂ ಮಾಡಾಕ ಆಗಲಿಲ್ಲ. ನನ್ನ ಪಡಸಾಲಿ ಮುಳುಗಾಕ ಬಿಡಂಗಿಲ್ಲ!"

ನಿವೃತ್ತಿಯಾದ ಮೇಲೆ, ಮನೆಯ ಬದಿಯ ಖಾಲಿ ಜಾಗದಲ್ಲಿ ಮಣ್ಣಿನದೊಂದು ಖೋಲಿ ಕಟ್ಟಿಸುತ್ತೇನೆಂದು ಸಾರಿದರು. ಹಳೆಯ ಮನೆ ಇಳಿಸುವಾಗ ಜಂತಿಗಳನ್ನು ಹಟ ಹಿಡಿದು ಹೊತ್ತು ತಂದಿದ್ದರು. ಅವು ಇಷ್ಟು ವರ್ಷ ಹಿತ್ತಲಲ್ಲಿ ಬಿದ್ದಿದ್ದವು. ಶೇಖರಪ್ಪನಿಗೆ ಆ ಜಾಗದಲ್ಲಿ ಕಾರು ನಿಲ್ಲಿಸುವ ಶೆಡ್ಡು ಬೇಕಾಗಿತ್ತು.

"ಅಕ್ಕಾ, ಮಣ್ಣಿನ ಮನಿ ಬಿಟ್ಟು ಸಿಮೆಂಟಿನ ಮನಿಗೆ ಬರಾಕ ಮಂದಿ ಹರಕಿ ಹೊರತಾರ. ನೀ ಸಿಮೆಂಟಿನ ಮನಿ ಬಾಜೂಕ ಮಣ್ಣ ಮೆತ್ತತೀ? ನೋಡಿದವರು ಏನಂದಾರು?"

"ನೋಡವರಿಗೆ ಅಲ್ಲ, ಕೇಳವರಿಗೆ ಕಟ್ಟಾಕತ್ತೇನಿ."

ಗೋಡೆ ಕಟ್ಟುವ ಗೌಂಡಿಗೆ ಮಣ್ಣಿನ ಕೆಲಸ ಮರೆತುಹೋಗಿತ್ತು. ಆಕೆ ಸೆರಗು ಸಿಕ್ಕಿಸಿ, ತಾವೇ ಹೊಟ್ಟು ಸೇರಿಸಿ ಮಣ್ಣು ತುಳಿದರು. ಓಣಿಯ ಮಂದಿ ನಿಂತು ನೋಡಿದರೆ, "ನಿಂದ್ರಬ್ಯಾಡ್ರಿ, ಇಳೀರಿ," ಎಂದು ಕರೆದರು. ಮಂದಿ ಜಾಗ ಖಾಲಿ ಮಾಡಿತು. ನಾನು ಸಿಕ್ಕಿಬಿದ್ದೆ.

ಒಂದೇ ಒಂದು ವಿಷಯದಲ್ಲಿ ಅವರು ತಮ್ಮನಿಗೆ ಮಣಿದಿದ್ದರು. ಅವನು ಕರೆತಂದ ವಾಸ್ತು ನೋಡುವವರು ಉದ್ದ ಅಗಲ ಎರಡೂ ಸಮ ಇರಲಿ ಎಂದಿದ್ದರು, ಖೋಲಿ ಚೌಕವಾಗಿ ಎದ್ದಿತು. ಮೊದಲ ದಿನ ರೆಕಾರ್ಡು ಹಚ್ಚಿದರೆ ತಂಬೂರಿಯ ಕೆಳದನಿಯ ತಂತಿ ಮೀಟಿದಾಗಲೆಲ್ಲ ಖೋಲಿಯೇ ಗುಂಯ್ ಎಂದು ಕೂಡಿ ಹಾಡಿತು. ಗೋಡೆ ಗೋಡೆಯ ನಡುವಿನ ದೂರ ಒಂದೇ ಆದರೆ ಅದೇ ಸ್ವರ ಎರಡು ಕಡೆಯಿಂದಲೂ ಉಬ್ಬುತ್ತದೆಯಂತೆ. ಶೇಖರಪ್ಪ "ಇರಲಿ ಬಿಡಕ್ಕಾ, ಆತಲ್ಲ," ಎಂದ. ಮರುದಿನ ಮುಂಜಾನೆ ಗೌಂಡಿ ಗೋಡೆ ಒಡೆಯುತ್ತಿದ್ದ.

"ದಿಕ್ಕು ನೋಡಾಕ ದೇವರದಾನ," ಎಂದರು ನರ್ಸಬಾಯಾರು, "ನಾ ನನ್ನ ಕಿವಿ ನೋಡತೇನಿ."

ಒಂದು ಗೋಡೆಯನ್ನು ಒಳಗೆ ಸರಿಸಿ ಕಟ್ಟಿದ ಮೇಲೆ ಅವರು ನನ್ನನ್ನು ಕರೆದು ಕೂಡಿಸಿದ್ದು ನೆನಪಿದೆ. ದೊಡ್ಡ ಸದ್ದೇನೂ ಇರಲಿಲ್ಲ. ಹಾಡುವಾಕೆ ಸಾಲು ಹಿಡಿಯುವ ಮೊದಲು ಸಣ್ಣಗೆ ಉಸಿರು ಎಳೆದುಕೊಂಡಳು. ಅಷ್ಟು ಹತ್ತಿರ! ಸದ್ದೆಂದರೆ ಗದ್ದಲವೆಂದುಕೊಂಡಿದ್ದ ನನ್ನ ಮೈಮೇಲೆ ಮುಳ್ಳೆದ್ದಿತು. ನರ್ಸಬಾಯಾರು ಕಣ್ಣು ಮುಚ್ಚಿ ಕೂತಿದ್ದರು. ಬೈಯದೆ ಸುಮ್ಮನೆ ಕೂತ ಅವರನ್ನು ನಾನು ಕಂಡದ್ದು ಅಂದೇ ಮೊದಲು. ಅಂದಿನಿಂದ ರವಿವಾರ ಸಂಜೆ ಬೇಕಾದವರು ಬಂದು ಕೂಡಬಹುದೆಂದರು. ಬಾದಾಮಿಯಿಂದಲೂ ಒಬ್ಬಿಬ್ಬರು ಬಸ್ಸು ಹತ್ತಿ ಬರುತ್ತಿದ್ದರು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಅವರ ಕಿವಿ ಮಂದವಾಗತೊಡಗಿತು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಮಾತಿನ ತುದಿಗಳು. ಕಿವಿಗೆ ಹಾಕುವ ಮಶಿನ್ನು ತಂದರೂ ಅದರಲ್ಲಿ ಹಾಡು ತಗಡಿನ ಹಾಗೆ ಕೇಳುತ್ತದೆಂದು ಕಿತ್ತು ಇಟ್ಟರು. ನನಗೆ ದೇವರ ಮೇಲೆ ಸಿಟ್ಟು ಬಂತು. ಅವರು ಮಾತ್ರ ಖೋಲಿಯ ಕಸ ಹೊಡೆಯುವುದನ್ನು, ಸ್ಪೀಕರಿನ ಧೂಳು ಒರೆಸುವುದನ್ನು, ಮಳೆಗೆ ಕಿತ್ತ ಮಣ್ಣು ಮೆತ್ತುವುದನ್ನು ಬಿಡಲಿಲ್ಲ. ನಡುವಿನ ಕುರ್ಚಿಯನ್ನು ಬಂದವರಿಗೆ ಬಿಟ್ಟುಕೊಟ್ಟು, ತಾವು ಗೋಡೆಯ ಬದಿಗೆ ಕೂತು ಕೇಳುವವರ ಮುಖ ನೋಡುತ್ತಿದ್ದರು.

ಕೊನೆಯ ಸಲ ನಾನು ಹೋದದ್ದು ಅಂಥದೊಂದು ರವಿವಾರ. ಇನ್ನೂ ಯಾರೂ ಬಂದಿರಲಿಲ್ಲ. ಶೇಖರಪ್ಪ ಗೌಂಡಿಯನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದ. ಗೌಂಡಿಯ ಕೈಯಲ್ಲಿ ಅಳತೆಯ ಟೇಪು.

"ಅಕ್ಕಾ," ಎಂದು ಕೂಗಿ ಹೇಳಿದ ಶೇಖರಪ್ಪ, "ನಿನಗಂತೂ ಈಗ ಕೇಳಸಂಗಿಲ್ಲ. ಈ ಖೋಲಿ ಇಟಗೊಂಡ ಏನ ಮಾಡತೀ? ಶೆಡ್ಡರ ಆಗಲಿ."

ಅವನ ತುಟಿ ನೋಡಿಯೇ ಅವರಿಗೆ ಎಲ್ಲ ತಿಳಿಯಿತು. "ನನಗ ಕೇಳಸವಲ್ದು ಅಂದ್ರ ಹಾಡು ನಿಂತೈತೇನು? ನನ್ನ ಕಿವಿ ಕೆಟ್ಟಾವು, ಖೋಲಿ ಕೆಟ್ಟಿಲ್ಲ. ನಿನ್ನ ಕಿವಿ ಚಲೋ ಅದಾವಲ್ಲ? ಬಾ, ಕುಂಡ್ರು."

"ಕೆಲಸೈತಿ ಅಕ್ಕಾ..."

"ಕುಂಡ್ರ ಅಂದೆ!"

ಗೋಡೆ ಸರಿಸಿ ಕಟ್ಟಿದಾಗಿನಿಂದ ಒಮ್ಮೆಯೂ ಒಳಗೆ ಕಾಲಿಡದವನು ಹೆದರಿಕೆಗೇ ನಡುವಿನ ಕುರ್ಚಿಯಲ್ಲಿ ಕೂತ. ನಾನು ರೆಕಾರ್ಡು ಹಚ್ಚಿದೆ. ಮೊದಮೊದಲು ಅವನು ಗೌಂಡಿಯತ್ತ, ಮೊಬೈಲಿನತ್ತ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ ಹಳೆಯ ಮನೆಯ ಜಂತಿಗಳನ್ನು ನೋಡಿದ. ನೋಡುತ್ತಲೇ ಉಳಿದ. ರೆಕಾರ್ಡು ಮುಗಿದರೂ ಏಳಲಿಲ್ಲ. ಕೊನೆಗೆ ಎದ್ದು, ಯಾರ ಮುಖವನ್ನೂ ನೋಡದೆ, ಹೊರಗೆ ಹೋಗುತ್ತ ಗೌಂಡಿಗೆ, "ಇವತ್ತ ಬ್ಯಾಡ ಮಾರಾಯಾ. ಕರಿಸಿದಾಗ ಬಾ," ಎಂದ.

ನರ್ಸಬಾಯಾರು ನನ್ನ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡರು. ನನಗೊಬ್ಬನಿಗೇ ಗುಟ್ಟಾಗಿ ಹೇಳುತ್ತಿರುವುದಾಗಿ ಅವರು ತಿಳಿದಿದ್ದರು. ಆದರೆ ಆ ದನಿ ಓಣಿಯ ತುದಿಯವರೆಗೂ ಮುಟ್ಟಿತು:

"ಅವಗ ಕೇಳಸ್ತು ನೋಡು!"

ಮಳೆಗಾಲ ಹಿಡಿಯುವ ಮೊದಲೇ ಅವರು ಹೋಗಿಬಿಟ್ಟರು. ಗೌಂಡಿಯನ್ನು ಇನ್ನೂ ಯಾರೂ ಕರೆಸಿಲ್ಲ.