ಹಡಗು ವಾಪಸು ಬರುವ ತನಕ

ನಮ್ಮ ಮಗಳು ಓದುತ್ತಿದ್ದದ್ದು ಹಳೆಯ ಗ್ರೀಕರ ತತ್ವಶಾಸ್ತ್ರ. ಇಲ್ಲಿ ಸ್ವೀಡನ್ನಿನಲ್ಲಿ, ಕಿಸ್ಟಾದ ಆಫೀಸಿನಲ್ಲಿ, ಫೀಕಾ ಎನ್ನುವ ಬಿಡುವಿನ ಹೊತ್ತಿಗೆ ಯಾರಾದರೂ ಕಾಫಿ ಹೀರುತ್ತ ಅವಳ ಓದಿನ ಬಗ್ಗೆ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತಿದ್ದೆ. ಇಬ್ಬರು ಎಂಜಿನಿಯರುಗಳ ಮನೆಯಲ್ಲಿ ಇದೆಲ್ಲಿಂದ ಹುಟ್ಟಿತೋ ಎಂದು ಗೊಣಗಿದರೆ ನನ್ನ ಗಂಡ ನಗುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕಥೆಯ ಹಾಗೆ ಕೇಳುತ್ತ ಕೂರುವುದು ಅವರಿಗೆ ಇಷ್ಟ.

ಗಂಡನ ಕಾಯಿಲೆ ಶ್ವಾಸಕೋಶಕ್ಕೂ ಹಬ್ಬಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವರು ಮಕ್ಕಾಗೆ ಹೋಗುವ ಆಸೆ ಬಿಟ್ಟರು. ಹೋಗಲಾಗದವರ ಪರವಾಗಿ ಇನ್ನೊಬ್ಬರು ಅಲ್ಲಿಗೆ ಉಮ್ರಾ ಯಾತ್ರೆ ಮಾಡಿಬರುವ ರೂಢಿ ನಮ್ಮಲ್ಲಿದೆ. ನನ್ನ ಅಣ್ಣ ಅತ್ತಿಗೆ ಊರಿನಿಂದ ಹೊರಟಿದ್ದರು. ಮಗಳು ಅಲ್ಲಿ ಅವರನ್ನು ಸೇರಿಕೊಂಡು, ಮೊದಲು ತನ್ನದು ಮುಗಿಸಿ, ಆಮೇಲೆ ಅಪ್ಪನ ಹೆಸರಿನಲ್ಲಿ ಮಾಡುವುದೆಂದಾಯಿತು.

ಹೊರಡುವ ಹಿಂದಿನ ದಿನ ಅವಳು ಅಪ್ಪನ ಹಾಸಿಗೆಯ ಕಾಲುಗಡೆ ಕೂತು ಗ್ರೀಕರ ಒಂದು ಪದ್ಧತಿ ಹೇಳಿದಳು. ಪುಣ್ಯಕ್ಷೇತ್ರದ ಪೂಜೆ ನೋಡಿಬರಲು ಊರಿನವರು ಹಡಗಿನಲ್ಲಿ ಕೆಲವರನ್ನು ಕಳಿಸುತ್ತಿದ್ದರಂತೆ. ಹೋದವರು ವ್ಯಾಪಾರ ಮಾಡುವಂತಿಲ್ಲ, ಕಣ್ತುಂಬ ನೋಡಿ ಬಂದು ಊರಿಗೆ ಹೇಳಬೇಕು. ಧ್ಯಾನವೆಂದರೆ ಏನು ಎಂದು ವಿವರಿಸುವಾಗ ತತ್ವಜ್ಞಾನಿಗಳು ಹಾಗೆ ನೋಡಲು ಹೋದವನನ್ನೇ ನೆನೆದರಂತೆ. ಆ ಹಡಗು ವಾಪಸು ಬರುವ ತನಕ ಊರಿನಲ್ಲಿ ಯಾರಿಗೂ ಮರಣದಂಡನೆ ಜಾರಿ ಮಾಡುವಂತಿರಲಿಲ್ಲ, ಆ ಶಿಕ್ಷೆಯಾದ ಒಬ್ಬ ಗುರು ಆ ಬಿಡುವಿನಲ್ಲಿ ಶಿಷ್ಯರ ಜೊತೆ ಮಾತಾಡುತ್ತ ಬದುಕಿದ್ದ ಎಂದಳು.

"ಹಾಗಾದ್ರೆ ನೀನು ನಿಧಾನವಾಗೇ ಬಾ," ಎಂದರು ಅವರು. "ನೋಡ್ಕೊಂಡು ಬಂದು ನಂಗೆ ಹೇಳು. ಅಷ್ಟು ಸಾಕು."

ನನಗೆ ಅಷ್ಟು ಸಾಕಾಗಿರಲಿಲ್ಲ. ಕಾಬಾದ ಮೇಲೆ ಮೊದಲ ಸಲ ಕಣ್ಣು ಬಿದ್ದಾಗ ಬೇಡಿದ್ದು ಈಡೇರುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದರು. ತಲೆ ತಗ್ಗಿಸಿಕೊಂಡೇ ಒಳಗೆ ಹೋಗು, ಕಣ್ಣೆತ್ತಿದ ಕೂಡಲೇ ಅಪ್ಪ ಉಳಿಯಲಿ ಎಂದು ಕೇಳು, ಬೇರೆ ಏನನ್ನೂ ಕೇಳಬೇಡ ಎಂದು ಸುಂಡ್‌ಬೀಬರ್ಯ್ ಸ್ಟೇಷನ್ನಿನಲ್ಲಿ ರೈಲು ಬರುವವರೆಗೂ ಹೇಳಿದ್ದನ್ನೇ ಹೇಳಿದೆ. ಅವಳು ಹೂಂ ಎಂದಳು.

ಅವಳು ಹಿಂತಿರುಗುವ ಮುನ್ನಾದಿನ ಅವರು ಹೋಗಿಬಿಟ್ಟರು. ಊರಲ್ಲಾಗಿದ್ದರೆ ಅಂದೇ ಮಣ್ಣಾಗುತ್ತಿತ್ತು. ಇಲ್ಲಿ ಆಸ್ಪತ್ರೆಯ ಕಾಗದ, ಸ್ಮಶಾನದಲ್ಲಿ ಜಾಗ, ಒಂದಕ್ಕೊಂದು ಕಾಯಬೇಕು. ತಣ್ಣನೆಯ ಕೋಣೆಯಲ್ಲಿ ಅವರನ್ನು ಬಿಟ್ಟು ಬಂದು ಈ ದೇಶಕ್ಕೆ ಹಿಡಿಶಾಪ ಹಾಕಿದೆ. ಆ ತಡದಿಂದಲೇ ಮಗಳಿಗೆ ಅಪ್ಪನ ಮುಖ ನೋಡಲು ಸಿಕ್ಕಿತು ಎನ್ನುವುದೂ ನಿಜ.

ಬಾಗಿಲಲ್ಲೇ ಬ್ಯಾಗು ಬಿಟ್ಟು ಅವಳು, "ಹಡಗು ಇನ್ನೂ ಬಂದಿರಲಿಲ್ವಲ್ಲ, ಅಮ್ಮಿ," ಎಂದಳು. ತಬ್ಬಿಕೊಂಡು ಇಬ್ಬರೂ ಅತ್ತೆವು. ಅತ್ತು ಮುಗಿಯುವ ಮೊದಲೇ ನಾನು ಕೇಳಿಬಿಟ್ಟೆ, ಮೊದಲ ನೋಟದಲ್ಲಿ ಬೇಡಿಕೊಂಡೆಯಾ ಎಂದು.

ಅವಳು ಸ್ವೀಡಿಷ್‌ನಲ್ಲಿ ಏನೋ ಶುರುಮಾಡಿ ನಿಲ್ಲಿಸಿದಳು. "ಮರ್ತೋಯ್ತು ಅಮ್ಮಿ. ನೋಡ್ತಾ ನಿಂತ್‌ಬಿಟ್ಟೆ. ಏನೂ ಕೇಳ್ಬೇಕು ಅಂತಾನೇ ಅನ್ನಿಸ್ಲಿಲ್ಲ."

ಆಮೇಲೆ ದಿನವೂ ಬೇಡಿದ್ದಳಂತೆ. ಅದು ನನ್ನ ಕಿವಿಗೆ ಬೀಳಲಿಲ್ಲ. ಅವರ ಮೈ ತೊಳೆಯುವ ದಿನದವರೆಗೂ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೆಂಡತಿಗೆ ಆ ಹಕ್ಕಿದೆ, ನಾನೇ ನೀರು ಹಾಕಿದೆ. ಎದೆಯ ಮೂಳೆ ಕೈಗೆ ತಾಗುವಾಗ, ಈ ಮನುಷ್ಯನಿಗೆ ಇನ್ನೊಂದು ತಿಂಗಳು ಬೇಡಿದ್ದರೂ ಯಾರಿಗಾಗಿ ಬೇಡಿದಂತಾಗುತ್ತಿತ್ತು ಎಂದು ಒಮ್ಮೆ ಅನ್ನಿಸಿತು. ಆದರೂ ಆ ತಿಂಗಳು ನನಗೆ ಬೇಕಿತ್ತು.

ಮಣ್ಣು ಮಾಡಿ ಎಲ್ಲರೂ ಪಾರ್ಕಿಂಗ್ ಕಡೆಗೆ ನಡೆದರು. ಮಗಳು ಮಾತ್ರ ಒದ್ದೆ ಹುಲ್ಲಿನ ಮೇಲೆ ಕೂತಳು.

"ಬಂದೆ ಅಬ್ಬು. ಹೇಳ್ತೀನಿ."

ತನ್ನ ಮುರುಕು ಕನ್ನಡದಲ್ಲೇ, ತಗ್ಗಿಸಿದ ಕಣ್ಣಿಗೆ ಮೊದಲು ಕಂಡ ಬಿಳಿ ಕಲ್ಲಿನ ನೆಲದಿಂದ ಶುರುಮಾಡಿದಳು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹೋಗಿ ಪಕ್ಕದಲ್ಲಿ ಕೂತೆ. ಕೇಳಬೇಕಾದವರು ಮಣ್ಣಿನಡಿ ಇದ್ದರು. ಅವರ ಪರವಾಗಿ ನಾನು ಕೇಳಿಸಿಕೊಂಡೆ.