ಹೊಗೆ ತಿನ್ನುವ ಗಿಡಗಳು

ಇವತ್ತು ದೊಡ್ಡ ದೊಡ್ಡ ಕಂಪನಿಗಳು ಇಲ್ಲಿ ಹೊಗೆ ಬಿಟ್ಟು, ಇನ್ನೆಲ್ಲೋ ಕಾಡು ಬೆಳೆಸಿ, ಯಾವುದೋ ಕೆರೆಯ ಜೌಗು ಕಾಯ್ದು, ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ಕೈ ತೊಳೆದುಕೊಳ್ಳುತ್ತವೆ. ಇಂಗಾಲವನ್ನು ಮರದಲ್ಲಿ, ಮಣ್ಣಿನಲ್ಲಿ ಕೂಡಿಡುವ ಈ ಉಪಾಯ ಹೊಸದು ಎಂದು ಯಾರಾದರೂ ಬರೆದರೆ ನನಗೆ ನಗು ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಪುಣೆಯ ಅಂಚಿನ ಒಂದು ಎರಕದ ಕಾರ್ಖಾನೆಯಲ್ಲಿ, ನಮ್ಮ ಮಾಲೀಕ ಸೇಠರು ಅದನ್ನು ಒಂದು ಕಪ್ ಚಹಾ ಮುಗಿಯುವುದರೊಳಗೆ ಕಂಡುಹಿಡಿದಿದ್ದರು. ನಾನು ಅಲ್ಲಿ ಗುಮಾಸ್ತನಾಗಿದ್ದೆ. ಕಣ್ಣಾರೆ ನೋಡಿದ್ದೇನೆ.

ಬಿಜಾಪುರದ ಕಡೆಯಿಂದ ಬಂದ ನಾನು ಮತ್ತು ಅವ್ವ ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಚಾಳಿನಲ್ಲಿ ಇದ್ದೆವು. ಚಿಮಣಿ ಗಿಡ್ಡ. ಭಟ್ಟಿ ಹೊತ್ತಿಸಿದರೆ ಮಸಿ ನೇರವಾಗಿ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು. ಹಪ್ಪಳ ಕರಿಯುವ ಮೊದಲೇ ಕರ್ರಗಾಗುತ್ತಿದ್ದವು. ಮೊಸರಿಗೆ ನಾವು ಹಾಕದ ಒಗ್ಗರಣೆ ತಾನಾಗಿ ಬೀಳುತ್ತಿತ್ತು. ಇದಕ್ಕೆಲ್ಲ ನಗಬಹುದಿತ್ತು. ಅವ್ವನ ದಮ್ಮಿಗೆ ನಗುವಂತಿರಲಿಲ್ಲ. ಊರಲ್ಲಿ ಇಲ್ಲದ ಆ ರೋಗ ಇಲ್ಲಿಗೆ ಬಂದ ಎರಡನೇ ವರ್ಷ ಹತ್ತಿಕೊಂಡಿತು. ಭಟ್ಟಿ ಉರಿಯುವ ದಿನ ಆಕೆ ಮಲಗಲಾರಳು; ಗೋಡೆಗೆ ಬೆನ್ನು ಕೊಟ್ಟು ಕೂತು ಉಸಿರಿಗಾಗಿ ಒದ್ದಾಡುತ್ತಿದ್ದಳು. ಹೊಗೆಯಿಂದ ದೂರ ಇರಿಸಿ ಎಂದರು ಡಾಕ್ಟರು. ಆ ಹೊಗೆಯಿಂದಲೇ ನಮ್ಮ ಹೊಟ್ಟೆ ತುಂಬುತ್ತಿತ್ತು ಎಂದು ಅವರಿಗೆ ಹೇಗೆ ಹೇಳುವುದು?

ಒಂದು ದಿನ ಚಾಳಿನ ಹೆಂಗಸರೆಲ್ಲ ಕಾರ್ಖಾನೆಗೆ ನುಗ್ಗಿದರು. ಮುಂದೆ ಅವ್ವ, ಕೈಯಲ್ಲಿ ಮಸಿ ಹಿಡಿದ ನನ್ನದೇ ಬಿಳಿ ಅಂಗಿ. ಸೇಠರು ಎಲ್ಲರಿಗೂ ಚಹಾ ತರಿಸಿದರು. ಚಿಮಣಿ ಎತ್ತರಿಸಲು ಭಟ್ಟಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗುತ್ತದೆ, ಅದೊಂದು ಬಿಟ್ಟು ಏನು ಬೇಕಾದರೂ ಕೇಳಿ ಎಂದರು. ಆಮೇಲೆ ಕಿಟಕಿಯಾಚೆಯ ಬೋಳು ಗುಡ್ಡ ಅವರ ಕಣ್ಣಿಗೆ ಬಿತ್ತು. "ಐನೂರು ಗಿಡ ಹಚ್ಚಿಸುತ್ತೇನೆ. ಗಿಡ ಹೊಗೆ ತಿನ್ನುತ್ತದೆ," ಎಂದರು ಮರಾಠಿಯಲ್ಲಿ. ಪಕ್ಕದಲ್ಲಿದ್ದ ಇಂಜಿನಿಯರು ಅದಕ್ಕೆ ಶಾಸ್ತ್ರ ಒದಗಿಸಿದರು: ತಿಂದ ಹೊಗೆ ಕಟ್ಟಿಗೆಯಾಗುತ್ತದೆ, ಎಲೆ ಉದುರಿ ಮಣ್ಣು ಸೇರುತ್ತದೆ, ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾತು ಸುಳ್ಳಾಗಿರಲಿಲ್ಲ, ಅದೇ ತೊಂದರೆ.

ಮರಾಠಿ ಬಾರದ ಅವ್ವ ನನ್ನ ಕಡೆ ತಿರುಗಿದಳು. "ಎಷ್ಟು ವರ್ಷಕ್ಕ ತಿಂತಾವಂತ ಕೇಳು."

ಕೇಳಿದೆ. ಬೆಳೆದು ದೊಡ್ಡವಾಗಲು ಹತ್ತು ವರ್ಷವಾದರೂ ಬೇಕು ಎಂದರು ಇಂಜಿನಿಯರು.

"ಅಲ್ಲೀತನಕ ನಾ ಉಸುರು ಬಿಗಿಹಿಡಕೊಂಡು ಕುಂದರಲೇನು? ಇದನ್ನೂ ಹೇಳು ಅವರಿಗೆ."

ನಾನು ಹೇಳಲಿಲ್ಲ. ಚಹಾ ಆರುತ್ತದೆ, ಕುಡಿ ಎಂದೆ.

ಆ ಮಳೆಗಾಲದಲ್ಲಿ ಸೇಠರು ಪಾಲಿಶ್ ಬೂಟು ಹಾಕಿಕೊಂಡು ಗುಡ್ಡ ಹತ್ತಿ ಒಂದು ಸಸಿ ನೆಟ್ಟರು, ಫೋಟೋ ತೆಗೆಸಿಕೊಂಡರು. ಉಳಿದದ್ದನ್ನು ನೆಡುವ ಭಾಗ್ಯ ನಮ್ಮದು. ಬೇಗ ಬೆಳೆಯುತ್ತದೆ ಎಂದು ಎಲ್ಲವೂ ಹೊಲದ ಬದುವಿನಲ್ಲಿ ಸೊಪ್ಪಿಗೆಂದು ಬೆಳೆಸುವ ಗೊಬ್ಬರದ ಗಿಡವೇ. ನುಗ್ಗೆಗೂ ಬೇವಿಗೂ ವ್ಯತ್ಯಾಸ ತಿಳಿಯದ ನನ್ನನ್ನು ಅವುಗಳ ಉಸ್ತುವಾರಿಗೆ ಹಾಕಿದರು. ಬೇಸಿಗೆಯಲ್ಲಿ ನೀರು ಹೊತ್ತ ಟ್ಯಾಂಕರು ಚಿಮಣಿಗೆ ಸವಾಲು ಹಾಕುವಷ್ಟು ಹೊಗೆ ಕಾರುತ್ತ ಗುಡ್ಡ ಏರುತ್ತಿತ್ತು. ಆಡುಗಳು ತಮ್ಮ ಪಾಲು ತಿಂದವು. ಬದುಕಿ ಉಳಿದ ಗಿಡಗಳ ಕೊಂಬೆಗಳನ್ನು ಚಾಳಿನ ಹೆಂಗಸರು ಮುರಿದು ತಂದು, ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿಗೆ ತುರುಕಿದರು. ಗಿಡ ಅಷ್ಟಿಷ್ಟು ತಿಂದಿದ್ದನ್ನು ನಮ್ಮ ಬಚ್ಚಲುಗಳು ದಿನಾ ಬೆಳಿಗ್ಗೆ ವಾಪಸ್ಸು ಮಾಡುತ್ತಿದ್ದವು. ಅದೇ ಬಿಸಿನೀರಿನಲ್ಲಿ ಮಿಂದು ಹೋಗಿ ನಾನು ವರದಿಯಲ್ಲಿ "ಬೆಳವಣಿಗೆ ತೃಪ್ತಿಕರ" ಎಂದು ಬರೆಯುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ಯಾರೋ ಮೇಲಿನವರಿಗೆ ದೂರು ಕೊಟ್ಟರು. ತನಿಖೆಗೆ ಒಬ್ಬ ಸರಕಾರಿ ಸಾಹೇಬರು ಬರುವವರಿದ್ದರು. ಗಿಡ ಹಚ್ಚಿದ್ದರಿಂದ ನಮಗೆ ಹೊಗೆಯ ತಕರಾರಿಲ್ಲ ಎಂದು ಮರಾಠಿಯಲ್ಲಿ ಒಂದು ಕಾಗದ ಟೈಪಾಯಿತು. ಚಾಳಿನವರ ಸಹಿ ತರುವ ಕೆಲಸ ನನ್ನದು. ಪ್ರತಿ ಮನೆಯಲ್ಲೂ ಕಾರ್ಖಾನೆಗೆ ದುಡಿಯುವ ಒಬ್ಬನಿದ್ದ, ಎಲ್ಲರೂ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ಅವ್ವ. ಆಕೆ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಕಾಗದದಲ್ಲಿ ಏನಿದೆ ಎಂದು ಹೇಳಿಸಿಕೊಂಡು, ಪೆನ್ನು ಕಸಿದುಕೊಂಡು, ಉಬ್ಬಸದ ನಡುವೆ ನಿಂತು ನಿಂತು ಕನ್ನಡದಲ್ಲಿ ಬರೆದಳು: "ಗಿಡ ಗುಡ್ಡದ ಮ್ಯಾಲ ಅವ. ನನ್ನ ಎದಿ ಇಲ್ಲೆ ಅದ. ಚಿಮಣಿ ಎತ್ತರ ಮಾಡಸ್ರಿ." ಕೆಳಗೆ ತನ್ನ ಹೆಸರು.

"ಆತು, ಒಯ್ಯಿ. ದೊಡ್ಡ ಸಾಹೇಬರು ಬರ್ತಾರಲ್ಲ, ಓದ್ಲಿ," ಎಂದಳು.

ಸಾಹೇಬರು ಬಂದ ದಿನ ಭಟ್ಟಿಗೆ ರಜೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅವ್ವ ಚಾಪೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದಳು. ಭಟ್ಟಿಯ ದಿನಗಳಲ್ಲಿ ಆಕೆ ಹಾಗೆ ಮಲಗಿದ್ದನ್ನು ನಾನು ನೋಡಿರಲೇ ಇಲ್ಲ. ಎಬ್ಬಿಸದೆ, ಉಣ್ಣದೆ ವಾಪಸ್ಸು ಹೋದೆ.

ಸಾಹೇಬರು ಹಸಿರು ಗುಡ್ಡ ನೋಡಿ ಸಂತೋಷಪಟ್ಟರು. ಆಮೇಲೆ ಸಹಿಗಳ ಕಾಗದ ತಿರುವಿ, ಅವ್ವನ ಅಕ್ಷರಗಳ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಸೇಠರೂ ನನ್ನ ಮುಖ ನೋಡಿದರು. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಇದ್ದದ್ದನ್ನು ಓದಿದರೆ ಕೆಲಸ ಹೋಗುತ್ತಿತ್ತು.

"ನಾವ್ ಆಣಿ ಗಾವ್, ಸಾಹೇಬ," ಎಂದೆ. ಹೆಸರು ಮತ್ತು ಊರು. ಅವರು ತಲೆಯಾಡಿಸಿ ಷರಾ ಬರೆದರು.

ಸಂಜೆ ಅವ್ವ ಬಾಗಿಲಲ್ಲೇ ಕೇಳಿದಳು, "ಓದಿದ್ರೇನು?"

"ಓದಿದ್ರು."

"ಏನಂದ್ರು?"

"ವಿಚಾರ ಮಾಡ್ತೀವಿ ಅಂದ್ರು."

ಅವ್ವ ನಂಬಿದಳು. ಮರುದಿನ ಭಟ್ಟಿ ಹೊತ್ತಿತು. ಆಮೇಲೆ ಉಸಿರು ಕಟ್ಟಿದಾಗಲೆಲ್ಲ ಗೋಡೆಗೆ ಒರಗಿ, ಎದೆ ನೀವಿಕೊಳ್ಳುತ್ತ, "ವಿಚಾರ ಮಾಡ್ಲಿಕ್ಕತ್ತಾರ. ದೊಡ್ಡ ಕೆಲಸ, ಟೈಮ್ ಹಿಡೀತದ," ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ನಾಲ್ಕು ವರ್ಷ ಹೇಳಿದಳು.